ಅವ್ವನಿಗೆ ಬೇಕಾದ ಸುಣ್ಣ

ಎಲೆಗೆ ಸುಣ್ಣ ಸವರುವ ವಾಸನೆ ಬಂದರೆ ನನಗೆ ಈಗಲೂ ಕೊಟ್ಟೂರಿನ ಆ ಮಧ್ಯಾಹ್ನ ನೆನಪಾಗುತ್ತದೆ. ತಮ್ಮ ಇನ್ನೂ ಮೊಲೆ ಕುಡಿಯುವ ಕೂಸು. ಅವ್ವ ಸೊಂಟನೋವೆಂದು ದವಾಖಾನೆಗೆ ಹೋಗಿ ಬಂದಿದ್ದಳು.

"ಎಲುಬಿನಾಗ ಸುಣ್ಣ ಕಡಿಮಿ ಐತಂತ್ರಿ, ಅತ್ತಿ."

ಅಜ್ಜಿ ಕೂಡಲೇ ಎಲೆಯಡಿಕೆ ಚೀಲ ಬಿಚ್ಚಿ, ಎಲೆಗೆ ಸುಣ್ಣ ದಪ್ಪಗೆ ಸವರಿ ಕೊಟ್ಟಳು. "ಇಷ್ಟಕ್ಕ ದವಾಖಾನಿ ಯಾಕ? ಹಾಕ್ಕೋ."

ಬಾಯಿ ಸುಟ್ಟು ಅವ್ವನ ಕಣ್ಣಲ್ಲಿ ನೀರು ಬಂತು. "ಈ ಸುಣ್ಣ ಅಲ್ಲರಿ. ದಿನಾ ಹಾಲು ಕುಡಿ ಅಂದಾರ."

"ಮನ್ಯಾಗ ಎರಡು ಎಮ್ಮಿ ಅದಾವಲ್ಲ, ನೀ ಕುಡಿಯಂಗಿಲ್ಲೇನು?"

ಹಾಲೆಲ್ಲ ಡೇರಿಗೆ ಹೋಗುತ್ತಿದ್ದ ಕ್ಯಾನಿನ ಕಡೆ ಅವ್ವ ನೋಡಿದಳು.

ಸಂಜೆ ನಾನು ಡೇರಿಗೆ ಹೊರಟಾಗ ಅಜ್ಜಿ ಕ್ಯಾನು ಇಳಿಸಿ, ಒಂದು ಲೋಟ ಹಾಲು ಬಗ್ಗಿಸಿ ಅವ್ವನ ಕೈಗಿಟ್ಟಳು. "ನನ್ನೆದುರಿಗೇ ಕುಡಿ."

ಅವ್ವ ಸೆರಗು ಮರೆಮಾಡಿಕೊಂಡು, ಕದ್ದವಳ ಹಾಗೆ, ಗೋಡೆಯ ಕಡೆ ತಿರುಗಿ ಕುಡಿದಳು.