ಬೆಕ್ಕುಪುದೀನದ ಸಾರ

ಚಿರತೆಯ ಬಾಯಿಗೆ ಸಿಕ್ಕಿ ಸತ್ತ ಗಂಡ ಅರುಳಪ್ಪನನ್ನು ಮಣ್ಣು ಮಾಡಿ ಬಂದ ಮರುದಿನ ಬೆಳಿಗ್ಗೆಯೂ ಫಿಲೋಮಿನಾ ಕುಕ್ಕರಿಗೆ ಬೆಕ್ಕಿನ ಜಾತಿಗೆ ಮತ್ತೇರಿಸುವ ಬೆಕ್ಕುಪುದೀನದ ಸೊಪ್ಪು ತುಂಬಿ ಒಲೆಯ ಮೇಲಿಟ್ಟಳು. ಮುಚ್ಚಳಕ್ಕೆ ಸಿಕ್ಕಿಸಿದ ಕೊಳವೆ ತಣ್ಣೀರಿನ ಬಕೆಟ್ಟಿನಲ್ಲಿ ಹಾದು, ಹನಿಹನಿಯಾಗಿ ಸಾರವನ್ನು ಬಾಟಲಿಗೆ ಇಳಿಸತೊಡಗಿತು. ಬೀದಿಗಳಲ್ಲಿ ಚಿರತೆಗಳು ನಾಯಿಗಳಂತೆ ಬಿದ್ದುಕೊಂಡಿರುತ್ತಿದ್ದ ಕಾಲವದು. ಈ ಸಾರವನ್ನು ಕಾಲಿಗೆ ಹಚ್ಚಿಕೊಳ್ಳದೆ ಯಾರೂ ಹೊಸಿಲು ದಾಟುತ್ತಿರಲಿಲ್ಲ. ವಾಸನೆಗೆ ಮತ್ತೇರಿದ ಚಿರತೆ ನೆಲದಲ್ಲಿ ಹೊರಳಾಡುವಾಗ ಜನ ಅದರ ಪಕ್ಕದಲ್ಲೇ ಹಾದುಹೋಗುತ್ತಿದ್ದರು.

ಆಸ್ಪತ್ರೆಯಲ್ಲಿ ಆಯಾ ಆಗಿದ್ದ ಎದುರುಮನೆಯ ಮಹದೇವಮ್ಮ ಕೆಲಸಕ್ಕೆ ಹೊರಡುವ ಮುಂಚೆ ಸಾರ ಹಚ್ಚಿಸಿಕೊಳ್ಳಲು ಬಾಗಿಲಿಗೆ ಬಂದಳು. "ಅರುಳಪ್ಪಣ್ಣ ಹಚ್ಕೊಳ್ಳೋದು ಮರೆತುಬಿಟ್ರು ಅಂತಾವ್ರೆ ಎಲ್ರೂ," ಎಂದಳು ಮೆಲ್ಲಗೆ.

"ಮರೀಲಿಲ್ಲ ಅಕ್ಕ. ನಾನೇ ಹಚ್ಚಿ ಕಳ್ಸಿದ್ದೆ. ನಾನು ಕಾಯಿಸಿದ್ದೇ ಸರಿಯಾಗ್ಲಿಲ್ವೋ, ಆ ಚಿರತೆಗೆ ಇದ್ರ ಮತ್ತು ಏರೋದೇ ಇಲ್ವೋ, ಗೊತ್ತಿಲ್ಲ. ಹೊಸದು ಇನ್ನೂ ಇಳೀತಿದೆ. ಇರೋದು ಅವ್ರಿಗೆ ಹಚ್ಚಿದ್ದೇ. ಇವತ್ತು ಹೋಗ್ಬೇಡಿ."

ಮಹದೇವಮ್ಮ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಹಿಡಿದಳು. "ಹೋಗ್ದಿದ್ರೆ ಕೆಲಸದಿಂದ ತೆಗೀತಾರೆ. ಅದ್ನೇ ಹಚ್ಚವ್ವ."

ಅದನ್ನೇ ಹಚ್ಚಿ ಅವಳನ್ನು ಕಳಿಸಿದ ಫಿಲೋಮಿನಾ ಕಿಟಕಿಯಲ್ಲಿ ನಿಂತು ನೋಡಿದಳು. ನೀರಿನ ಟ್ಯಾಂಕಿನ ಬಳಿ ಒಂದು ಚಿರತೆ ಎದ್ದು ಬಂದು ಮಹದೇವಮ್ಮನ ಕಾಲು ಮೂಸಿತು. ಮರುಗಳಿಗೆ ಅಂಗಾತ ಬಿದ್ದು ಮಣ್ಣಿನಲ್ಲಿ ಹೊರಳಾಡಿತು. ಮಹದೇವಮ್ಮ ತಿರುಗಿಯೂ ನೋಡದೆ ನಡೆದುಹೋದಳು.

ಸಾರದಲ್ಲಿ ಯಾವ ಕೊರತೆಯೂ ಇರಲಿಲ್ಲ. ಅರುಳಪ್ಪನಿಗೆ ಎದುರಾದದ್ದು ಈ ವಾಸನೆಗೆ ಮತ್ತೇರದ ಬೇರೊಂದು ಚಿರತೆ, ಅಷ್ಟೆ. ಗಂಡ ಸತ್ತ ಮೇಲೆ ಒಂದು ಹನಿ ಕಣ್ಣೀರು ಹಾಕದಿದ್ದ ಫಿಲೋಮಿನಾ ಕಿಟಕಿಯ ಕೆಳಗೆ ಕುಸಿದು ಕೂತು ಅತ್ತಳು.