ಘಟ್ಟಕ್ಕೆ ಹೆದರಿದ ಬಸ್ಸು

ಬಸ್ಸುಗಳಿಗೆ ಮಾತು ಬಂದ ಮೇಲೆ ಅವುಗಳ ಒಪ್ಪಿಗೆಯಿಲ್ಲದೆ ಚಾಲಕರನ್ನು ನೇಮಿಸುವಂತಿರಲಿಲ್ಲ. ಘಟ್ಟದ ಬುಡದ ಡಿಪೋಗೆ ಬಂದ ಹೊಸ ಬಸ್ಸು ಮಾತ್ರ ಯಾರನ್ನೂ ಒಪ್ಪುತ್ತಿರಲಿಲ್ಲ. "ಆ ತಿರುವುಗಳಿಗೆ ನಾನು ಬರಲ್ಲ" ಎಂದು ಇಪ್ಪತ್ತು ವರ್ಷದ ಅನುಭವವಿದ್ದವರನ್ನೂ ಇಳಿಸಿ ಕಳಿಸಿತ್ತು. ಇನ್ನೊಂದು ವಾರ ಹೀಗೇ ನಿಂತರೆ ಅದು ಗುಜರಿಗೆ ಹೋಗುತ್ತಿತ್ತು.

ನೇಮಕಾತಿ ಅಧಿಕಾರಿ ಫಿಲೋಮಿನಾ ಅವರ ಮುಂದೆ ಆ ದಿನ ಕೊನೆಗೆ ಬಂದವನು ಬಯಲುಸೀಮೆಯ ದ್ಯಾಮಣ್ಣ. ಘಟ್ಟದ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದ. ನೋಡೋಣವೆಂದು ಅವರು ಅವನನ್ನು ಬಸ್ಸು ಹತ್ತಿಸಿ, ತಾವೂ ಹಿಂದೆ ಕುಳಿತರು.

"ನಿಮಗೆ ಹೆದರಿಕೆ ಆಗಲ್ವಾ?" ಬಸ್ಸು ಕೇಳಿತು.

"ಯಾಕಾಗಂಗಿಲ್ಲ? ಪ್ರಪಾತ ಕಂಡ್ರ ಬ್ರೇಕಿನ ಮ್ಯಾಲಿಂದ ಕಾಲ ತಗಿಯಂಗಿಲ್ಲ ನಾ," ಅಂದ ದ್ಯಾಮಣ್ಣ. "ಮೊದಲನೇ ತಿರುವಿನ ತನಕ ಹೋಗೂಣು. ಬ್ಯಾಡ ಅನಿಸಿದ್ರ ಇಬ್ಬರೂ ತಿರುಗಿ ಬರೂಣು."

ಬಸ್ಸು ತಾನಾಗಿಯೇ ಎಂಜಿನ್ ಚಾಲೂ ಮಾಡಿತು. ದ್ಯಾಮಣ್ಣ ಬೆವರುತ್ತಲೇ ಸ್ಟೀರಿಂಗ್ ಹಿಡಿದ. ಮೊದಲ ತಿರುವು ದಾಟಿತು, ಎರಡನೆಯದೂ ದಾಟಿತು.

ಡಿಪೋಗೆ ಮರಳಿದ ಮೇಲೆ ಫಿಲೋಮಿನಾ ಅವನ ಅರ್ಜಿಯಲ್ಲಿ 'ಚಾಲಕ' ಎಂಬುದನ್ನು ಹೊಡೆದು, 'ಹೊಸ ಬಸ್ಸುಗಳ ಮೇಷ್ಟ್ರು' ಎಂದು ಬರೆದರು.

"ಮೇಡಂ, ನಾ ಫೇಲಾದಾಂವ ರೀ."

"ಹೆದರಿಕೆ ಇಲ್ಲದವರು ನನ್ನ ಹತ್ರ ನಲವತ್ತು ಜನ ಇದ್ದಾರೆ," ಅಂದರು ಅವರು. "ನಾಳೆ ಇನ್ನೂ ಮೂರು ಹೊಸ ಬಸ್ಸು ಬರ್ತವೆ. ಬೇಗ ಬನ್ನಿ."