ಕದ್ದು ತಂದ ಎಲೆ

ಕೇಳಿ ತಂದ ಎಲೆಯಿಂದ ಚಿಗುರಿದ ಕಾವಲುಬಳ್ಳಿ ತೀರಾ ಸಾಧು. ಅಳಿಯ ಬಾಗಿಲು ಒದ್ದು ನುಗ್ಗಿದಾಗ ವಾರಿಜಕ್ಕನ ಮನೆಯ ಬಳ್ಳಿ ಅವನ ಕೈ ಸವರುತ್ತಾ ನಿಂತಿತ್ತು. ಅವನ ಏಟಿಗೆ ಮಗಳು ಶಶಿಕಲಾಳ ಎರಡು ಹಲ್ಲು ಉದುರಿದವು. ಅದಕ್ಕೇ ಈ ಸಲ ವಾರಿಜಕ್ಕ ಎಲೆ ಕದಿಯಲೆಂದು ಪಕ್ಕದ ಮನೆಯ ಜಿಲ್ಲಿಬಾಯಿಯ ಜಗಲಿ ಹತ್ತಿದಳು.

ಜಿಲ್ಲಿಬಾಯಿ ಪದ್ಧತಿಯಂತೆ ಮುಖ ತಿರುಗಿಸಿದಳು. “ನಾನು ನೋಡ್ಲಿಲ್ಲ ಮಾರಾಯ್ರೆ. ಎಡಗೈ ಹಾಕಿ, ಬಲಗೈ ಉಣ್ಲಿಕ್ಕೆ ಬೇಕಲ್ಲ.”

ಜಗಲಿಯ ಕಾವಲುಬಳ್ಳಿ ವಾರಿಜಕ್ಕನ ಎರಡು ಬೆರಳು ಮುರಿಯಿತು. ಅವಳು ಎಲೆ ಬಿಡಲಿಲ್ಲ. ತೊಟ್ಟಿಗೆ ಬೂದಿ ಮೆತ್ತಿ, ತನ್ನ ಬಾಗಿಲ ಪಕ್ಕದ ಕುಂಡದಲ್ಲಿ ನೆಟ್ಟಳು.

ಮೂರು ತಿಂಗಳ ಮೇಲೆ ಅಳಿಯ ಮತ್ತೆ ಬಾಗಿಲು ಒದ್ದ. ಅವನ ಮೊಣಕಾಲು ಲಟಕ್ಕೆಂದು ಮುರಿಯಿತು. ಬಳ್ಳಿ ಕುತ್ತಿಗೆಗೆ ಸುತ್ತಿಕೊಂಡಿತು. “ಅತ್ತೇ, ಬಿಡಿಸಿ!”

“ಬಿಡಿಸ್ಬೇಕಾ ಮಗಾ?” ವಾರಿಜಕ್ಕ ಮಗಳನ್ನು ಕೇಳಿದಳು.

ಶಶಿಕಲಾ ಹಲ್ಲಿಲ್ಲದ ಸಂದನ್ನು ನಾಲಗೆಯಿಂದ ತಡವಿದಳು. ಆಮೇಲೆ ತಂಬಿಗೆಯಲ್ಲಿ ನೀರು ತಂದು ಬಳ್ಳಿಯ ಬುಡಕ್ಕೆ ಹೊಯ್ದಳು.